ಹೊಲಿಗೆ ಕುರ್ಚಿಯ ಮುರಿದ ಕಾಲು

ಹರಾಜು ಕಂಪನಿಯ ಆ ಭಾಗದ ಸಲಹೆಗಾರ್ತಿಗೆ ಸಾಮಾನು ಹೊರುವವರು ಇಟ್ಟ ಹೆಸರು ಮಗುಚಮ್ಮ. ಎದುರಿಗೆ ಮೇಡಂ, ಬೆನ್ನು ತಿರುಗಿದರೆ ಮಗುಚಮ್ಮ. ಸುಮ್ಮಸುಮ್ಮನೆ ಇಟ್ಟ ಹೆಸರೇನಲ್ಲ ಬಿಡಿ. ಯಾರ ಮನೆಗೆ ಹೋದರೂ ಅವಳು ಯಾವ ವಸ್ತುವಿನ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ತಟ್ಟೆ ಕೊಟ್ಟರೆ ಮಗುಚುವಳು. ಮೇಜು ತೋರಿಸಿದರೆ ಸೀದಾ ಅದರಡಿಗೆ ತೂರುವಳು. ಗಡಿಯಾರದ ಬೆನ್ನು ಬಿಚ್ಚುವಳು, ಚಿತ್ರಪಟವನ್ನು ಬೋರಲು ಹಾಕಿ ಹಿಂದಿನ ಮೊಳೆಗಳ ತುಕ್ಕು ನೋಡುವಳು. ಮುಖಕ್ಕೆ ಯಾರು ಬೇಕಾದರೂ ಬಣ್ಣ ಬಳಿಯುತ್ತಾರೆ, ತಳಕ್ಕೆ ಯಾರೂ ಬಳಿಯುವುದಿಲ್ಲ ಎನ್ನುತ್ತಿದ್ದಳು. ಹೆಸರು ಒಂದು ದಿನ ಅವಳ ಕಿವಿಗೂ ಬಿತ್ತು, ನಕ್ಕು ಸುಮ್ಮನಾದಳು. ಅವಳೇ ಬೇಜಾರು ಮಾಡಿಕೊಳ್ಳದ ಮೇಲೆ ನಮಗೇನು, ನಾವೂ ಹಾಗೇ ಕರೆಯೋಣ.

ಕಂಪನಿಯ ದೊಡ್ಡ ಕಚೇರಿ ದೂರದ ನಗರದಲ್ಲಿತ್ತು. ಈ ಭಾಗದ ಹಳೆಯ ಮನೆಗಳೆಲ್ಲ ಇವಳ ಪಾಲಿಗೆ. ಯಾರೋ ತೀರಿಕೊಂಡರು, ಯಾರೋ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೊರಟರು, ಅಣ್ಣ ತಮ್ಮಂದಿರು ಬೇರೆಯಾದರು ಎಂದರೆ ಫೋನು ಬರುತ್ತಿತ್ತು. ಇವಳು ವ್ಯಾನು ಹತ್ತಿ ಹೋಗಿ ನೋಡಿ, ಯಾವುದು ದೊಡ್ಡ ಹರಾಜಿಗೆ, ಯಾವುದು ತಿಂಗಳ ಹರಾಜಿಗೆ, ಯಾವುದನ್ನು ಬುಟ್ಟಿ ಚೊಂಬುಗಳ ಜೊತೆ ಒಂದೇ ಗುಂಪಾಗಿ ಕಟ್ಟಿ ಬಿಡಬೇಕು, ಯಾವುದನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಹೇಳಿ ಬರಬೇಕು. ಕೇಳಲು ಸುಲಭ. ಆದರೆ ಅಜ್ಜನ ಕಾಲದ್ದು ಎಂದು ಬಟ್ಟೆ ಬಿಚ್ಚಿ ತೋರಿಸಿದ ಹೂದಾನಿ ಮೊನ್ನೆ ಮೊನ್ನೆ ಯಂತ್ರದಲ್ಲಿ ಅಚ್ಚಾದದ್ದು ಎಂದು ತಿಳಿದಾಗ ಆ ಮನೆಯವರ ಮುಖ ಹೇಗಾಗುತ್ತದೆ, ಅದನ್ನು ಎದುರು ಕೂತು ನೋಡಬೇಕಲ್ಲ, ಅಲ್ಲಿದೆ ಕಷ್ಟ.

ಮಗುಚಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದಳು. "ಚೆನ್ನಾಗಿದೆ. ಆದರೆ ಹಳೇದಲ್ಲ." ಕೆಲವರು ಅಳುತ್ತಿದ್ದರು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಅವಳನ್ನು ಬೈಯುತ್ತಾ ಮೆಟ್ಟಿಲಿಳಿದು ಬೀದಿಯವರೆಗೂ ಬಂದಿದ್ದರು. ಇವಳು ತಲೆ ತಗ್ಗಿಸಿ ಕೇಳಿಸಿಕೊಂಡಳೇ ಹೊರತು ಹೇಳಿದ ಮಾತನ್ನು ಬದಲಿಸಲಿಲ್ಲ. ನಕಲಿಯನ್ನು ಅಸಲಿ ಎಂದು ಒಂದು ಸಲವೂ ಹೇಳಿದವಳಲ್ಲ. ಅದರ ಬಗ್ಗೆ ಅವಳಿಗೆ ಹೆಮ್ಮೆ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು ಎಂದರೂ ತಪ್ಪಿಲ್ಲ.

ಹೀಗಿರುವಾಗ ದೊಡ್ಡ ಕಚೇರಿಯಿಂದ ಫೋನು ಬಂತು.

"ಒಬ್ಬರು ಹೆಂಗಸು ಫೋನ್ ಮಾಡಿದ್ರು ಮೇಡಂ," ಎಂದಳು ಆ ಕಡೆಯ ಹುಡುಗಿ. "ಮನೆ ಖಾಲಿ ಮಾಡ್ತಿದಾರಂತೆ. ಆ ಕಡೆ ಬೆಲೆ ಕಟ್ಟೋಕೆ ಬರ್ತಾಳಲ್ಲ, ಅವಳನ್ನೇ ಕಳಿಸಿ, ಬೇರೆ ಯಾರು ಬಂದ್ರೂ ಬಾಗಿಲು ತೆಗೆಯಲ್ಲ ಅಂದ್ರು. ಸ್ವಲ್ಪ ಜೋರು ಅನ್ಸುತ್ತೆ ಮೇಡಂ, ಹುಷಾರು."

ವಿಳಾಸ ಬರೆದುಕೊಳ್ಳುತ್ತಿದ್ದ ಮಗುಚಮ್ಮನ ಪೆನ್ನು ಅಲ್ಲೇ ನಿಂತಿತು. ಅದು ಅವಳ ಅಕ್ಕನ ಮನೆ. ಒಡಹುಟ್ಟಿದ ಅಕ್ಕ. ಇಬ್ಬರೂ ಮಾತು ಬಿಟ್ಟು ಒಂದು ಕಾಲವೇ ಆಗಿತ್ತು.

ರಕ್ತ ಸಂಬಂಧಿಗಳ ಸಾಮಾನಿಗೆ ಸಲಹೆಗಾರರು ತಾವೇ ಬೆಲೆ ಕಟ್ಟುವ ಹಾಗಿಲ್ಲ, ಅದು ಕಂಪನಿಯ ಕಟ್ಟುನಿಟ್ಟಿನ ನಿಯಮ. "ಬೆಲೆ ಕಟ್ಟೋಕೆ ಪಕ್ಕದ ಭಾಗದವರು ಬರಲಿ. ಮೊದಲು ನಾನು ಹೋಗಿ ನೋಡ್ಕೊಂಡು ಬರ್ತೀನಿ," ಎಂದು ಫೋನು ಇಟ್ಟಳು. 

ಮಾತು ಬಿಟ್ಟದ್ದು ಯಾಕೆ ಎಂದರೆ, ಹೇಳುತ್ತೇನೆ. ಅಪ್ಪ ಬೇಗ ಹೋದ. ಅಮ್ಮ ಊರಿನವರ ಬಟ್ಟೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದಳು. ಅಕ್ಕನಿಗೂ ತಂಗಿಗೂ ಹತ್ತಿರ ಹತ್ತಿರ ಹತ್ತು ವರ್ಷದ ಅಂತರ. ಅಮ್ಮ ಹೊಲಿದ ಬಟ್ಟೆ ಕೊಡಲು ಮನೆ ಮನೆ ಅಲೆಯುತ್ತಿದ್ದಾಗ ತಂಗಿಗೆ ಮೀಯಿಸಿದ್ದು, ಉಣ್ಣಿಸಿದ್ದು, ಅಕ್ಷರ ತಿದ್ದಿಸಿದ್ದು ಎಲ್ಲ ಅಕ್ಕನೇ. ಅಮ್ಮ ತೀರಿಕೊಂಡಾಗ ತಂಗಿ ಈ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಹೊಸ ಕೆಲಸ, ಹೊಸ ಹುರುಪು. ಅಮ್ಮನ ಸಾಮಾನನ್ನೆಲ್ಲ ಕೋಣೆಯಲ್ಲಿ ಹರಡಿ, ಒಂದೊಂದನ್ನೂ ಮಗುಚಿ ನೋಡಿ, ಬೆಲೆ ಬರೆದು, ದಾರದಲ್ಲಿ ಚೀಟಿ ಕಟ್ಟಿದಳು. ಎರಡು ಗುಡ್ಡೆ ಮಾಡಿದಳು. ಅಮ್ಮನಿಗೆ ತವರಿನಿಂದ ಬಂದ ಬೆಳ್ಳಿ ತಟ್ಟೆಗಳು, ಗೋಡೆ ಗಡಿಯಾರ, ಗಾಜಿನ ಬಾಗಿಲಿನ ಬೀರು, ಬೆಲೆಬಾಳುವುದೆಲ್ಲ ಅಕ್ಕನ ಗುಡ್ಡೆಗೆ. ಪಾತ್ರೆ ಪಡಗ, ಹಳೆಯ ಹೊದಿಕೆಗಳು ತನಗೆ. ಅಮ್ಮ ಕೂತು ಹೊಲಿಯುತ್ತಿದ್ದ ಗಿಡ್ಡ ಕುರ್ಚಿಯೊಂದಿತ್ತು. ಕೈ ಇಲ್ಲದ್ದು, ಹಲಗೆಯ ಆಸನದ್ದು. ಅದರ ಹಿಂಗಾಲೊಂದು ಯಾವತ್ತೋ ಮುರಿದು ಅಂಟಿಸಿದ್ದು. ಅದನ್ನೂ ಮಗುಚಿ, "ಹಿಂಗಾಲು ಮುರಿದಿದೆ" ಎಂದು ಬರೆದು ತನ್ನ ಕಡೆಗೆ ಎಳೆದುಕೊಂಡಳು.

"ಈ ಮುರುಕಲು ನನಗಿರಲಿ ಅಕ್ಕಾ," ಎಂದಿದ್ದಳು. "ಮೂರು ಕಾಸಿನ ಬೆಲೆ ಇಲ್ಲ ಇದಕ್ಕೆ. ಒಳ್ಳೇದೆಲ್ಲ ನಿನಗಿರಲಿ."

ಅಕ್ಕ ಆ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. "ಎಲ್ಲಾ ನೀನೇ ಲೆಕ್ಕ ಹಾಕಿಬಿಟ್ಟಿದೀಯಲ್ಲ," ಎಂದಳು. "ಹಾಗೇ ಆಗಲಿ."

ಅಷ್ಟೇ. ಆಮೇಲೆ ಅಕ್ಕ ಅವಳ ಮನೆಗೆ ಬರಲಿಲ್ಲ. ಫೋನು ಎತ್ತಲಿಲ್ಲ. ತಂಗಿ ಹೋದರೆ ಅಕ್ಕನ ಮಗಳು, ಆಗಿನ್ನೂ ಚಿಕ್ಕವಳು, ಬಾಗಿಲಲ್ಲೇ ನಿಂತು "ಅಮ್ಮ ಮಲಗಿದಾರೆ" ಎನ್ನುತ್ತಿದ್ದಳು. ಕಡೆಗೆ ಆ ಮಗಳ ಮದುವೆಗೂ ಕರೆಯಲಿಲ್ಲ. ಇವಳಿಗೂ ಸಿಟ್ಟು ನೆತ್ತಿಗೇರಿತು. ಕೈಯೆತ್ತಿ ಒಳ್ಳೆಯದನ್ನೆಲ್ಲ ಕೊಟ್ಟಿದ್ದಕ್ಕೆ ಇದಾ ಮರ್ಯಾದೆ? ಬೆಲೆಯಲ್ಲೇನಾದರೂ ಮುಚ್ಚಿಟ್ಟಿದ್ದೇನೆ ಅಂತ ಅನುಮಾನವಾ? ಹೋಗಲಿ, ಬೇಕಾದರೆ ಅವಳೇ ಬರಲಿ ಎಂದು ಇವಳೂ ಬಿಗಿದುಕೊಂಡಳು. ಹೀಗೆ ಬಿಗಿದುಕೊಂಡೇ ಇಬ್ಬರ ತಲೆಯೂ ನರೆಯಿತು.

ಅಕ್ಕನ ಮನೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಬಾಗಿಲು ತೆಗೆದವಳು ಅದೇ ಮಗಳು, ಈಗ ತಾನೂ ತಾಯಿಯಾಗಿದ್ದವಳು.

"ಬನ್ನಿ ಚಿಕ್ಕಮ್ಮ," ಎಂದಳು. ದನಿ ತಗ್ಗಿಸಿ ಬಾಗಿಲ ಬಳಿಯೇ ಹೇಳಿದಳು: "ಅಮ್ಮನ ಹೃದಯ ಪೂರ್ತಿ ಸೋತುಹೋಗಿದೆ. ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದ್ರು. ಸಕ್ಕರೆ ಕಾಯಿಲೆಯಿಂದ ಕಣ್ಣೂ ಹೋಗಿದೆ, ಬೆಳಕು ಕತ್ತಲೆ ಅಷ್ಟೇ ಗೊತ್ತಾಗೋದು. ನಮ್ಮನೇಗೆ ಕರ್ಕೊಂಡು ಹೋಗ್ತಾ ಇದೀನಿ. ಹೋಗೋ ಮುಂಚೆ ನಿಮ್ಮನ್ನ ಕರೆಸಲೇಬೇಕು ಅಂತ ಹಟ."

ಅಕ್ಕ ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಎಂಥ ಗಟ್ಟಿ ಹೆಂಗಸು ಹೇಗಾಗಿಬಿಟ್ಟಿದ್ದಳು! 

"ಬಂದ್ಯಾ?" ಎಂದಳು ಅಕ್ಕ. "ಹೆಜ್ಜೆ ಇನ್ನೂ ಹಾಗೇ ಇದೆ, ಧಡ ಧಡ. ಆ ಕೋಣೇಲಿದೆ ಎಲ್ಲಾ. ಹೋಗಿ ನೋಡು."

ಪಕ್ಕದ ಕೋಣೆಯಲ್ಲಿ ಬೀರು ಗೋಡೆಗೆ ಮುಖ ಮಾಡಿ ನಿಂತಿತ್ತು. ಗಡಿಯಾರ ನೆಲದ ಮೇಲಿತ್ತು, ಗೋಡೆ ಹತ್ತಿಯೇ ಇರಲಿಲ್ಲ. ಬೆಳ್ಳಿ ತಟ್ಟೆಗಳು ಅವತ್ತು ಅವಳೇ ಸುತ್ತಿದ ಹಳದಿಗಟ್ಟಿದ ಪತ್ರಿಕೆಯಲ್ಲೇ ಇದ್ದವು. ಒಂದೊಂದರಲ್ಲೂ ಅವಳು ಕಟ್ಟಿದ ಚೀಟಿ, ಅವಳ ಅಕ್ಷರ.

"ಒಂದು ದಿನಾನೂ ಉಪಯೋಗಿಸಲಿಲ್ಲ," ಎಂದಳು ಮಗಳು. "ನಮ್ಮನ್ನೂ ಮುಟ್ಟೋಕೆ ಬಿಡಲಿಲ್ಲ. ಅದು ನಮ್ದಲ್ಲ, ಬೆಲೆ ಕಟ್ಟಿದವಳದ್ದು ಅಂತಿದ್ರು."

ಮಗುಚಮ್ಮ ಏನನ್ನೂ ಮಗುಚದೆ ಹಿಂದಿರುಗಿ ಬಂದಳು. ಅಕ್ಕ ಅವಳು ಎಲ್ಲಿ ನಿಂತಿದ್ದಾಳೆಂದು ಉಸಿರಿನಲ್ಲೇ ಕಂಡುಕೊಂಡು ಆ ಕಡೆ ತಿರುಗಿದಳು.

"ಅದನ್ನೆಲ್ಲ ತಗೊಂಡು ಹೋಗು. ಮಾರು, ಬಿಡು, ನಿನ್ನಿಷ್ಟ. ನನಗೆ ಬೇಕಾಗಿರೋದು ಅಮ್ಮನ ಹೊಲಿಗೆ ಕುರ್ಚಿ."

ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ಕಿತ್ಕೊಳ್ಳೋಕೆ ಕೇಳ್ತಿಲ್ಲ ಕಣೇ, ಹೆದರಬೇಡ. ಒಂದು ಸಲ ಅದರ ಮೇಲೆ ಕೂರಬೇಕು. ಕೂತು ನಿನಗೊಂದು ಮಾತು ಹೇಳೋದಿದೆ. ಅದು ಹೇಳಿಬಿಟ್ರೆ ನನ್ನ ಸಿಟ್ಟು ಮುಗೀತು. ಆಮೇಲೆ ನೀನು ಬಂದು ಹೋಗಿ ಮಾಡು, ಇರೋಷ್ಟು ದಿನ." ಸ್ವಲ್ಪ ತಡೆದು ಕೇಳಿದಳು, "ಇದೆ ತಾನೇ?"

"ಇದೆ ಅಕ್ಕಾ," ಎಂದಳು ತಂಗಿ. "ತರ್ತೀನಿ."

ಎಷ್ಟು ಸಲೀಸಾಗಿ ಬಂತು ನೋಡಿ ಸುಳ್ಳು! ಊರಿಗೆಲ್ಲ ಕಡ್ಡಿ ಮುರಿದ ಹಾಗೆ ಸತ್ಯ ಹೇಳುವ ಬಾಯಿ ಅದು. ಮೆಟ್ಟಿಲಿನ ಕಂಬಿ ಹಿಡಿದು ನಿಂತು ನಿಂತು ಇಳಿದಳು.

ಕುರ್ಚಿ ಇರಲಿಲ್ಲ. ಅಮ್ಮ ಹೋದ ವರ್ಷವೇ ಅವಳು ಬಾಡಿಗೆ ಮನೆ ಬದಲಿಸಿದ್ದಳು. ಹೊಸ ಮನೆ ಇಕ್ಕಟ್ಟು. ಕುರ್ಚಿಯನ್ನು ಕಂಪನಿಯ ಗೋದಾಮಿನ ಮೂಲೆಗೆ ಹಾಕಿದಳು. ಕೆಲವು ತಿಂಗಳು ಕಂಡರೂ ಕಾಣದ ಹಾಗೆ ಓಡಾಡಿದಳು. ಆಮೇಲೊಂದು ದಿನ ಮುರಿದ ಚೌಕಟ್ಟುಗಳು, ಬಕೆಟ್ಟುಗಳು, ಕಾಲಿಲ್ಲದ ಸ್ಟೂಲುಗಳ ಜೊತೆ ಅದನ್ನೂ ಒಂದು ಗುಂಪಿಗೆ ಸೇರಿಸಿ ಹರಾಜಿಗೆ ಬಿಟ್ಟಳು. ಅಂಥ ಗುಂಪನ್ನು ಕೊಂಡವರು ಯಾರು, ಒಯ್ದದ್ದು ಎಲ್ಲಿಗೆ ಎಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ಅರ್ಧ ಸೌದೆಯಾಗುತ್ತದೆ. ಅವಳಿಗೆ ಆಗ ಏನೂ ಅನ್ನಿಸಿರಲಿಲ್ಲ. ಅದಕ್ಕೆ ಬೆಲೆ ಇರಲಿಲ್ಲವಲ್ಲ.

ವ್ಯಾನಿನಲ್ಲಿ ಕೂತ ಮೇಲೆ ಅವಳಿಗೆ ಎಲ್ಲ ಅರ್ಥವಾಯಿತು. ಅಯ್ಯೋ ದೇವರೇ, ಅಕ್ಕನಿಗೆ ಬೇಕಾಗಿದ್ದು ಅದೊಂದೇ. ಗುಡ್ಡೆ ಮಾಡುವ ಮುಂಚೆ "ನಿನಗೆ ಯಾವುದು ಬೇಕು" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಬೆಲೆ ನೋಡಿದವಳಿಗೆ ಅಕ್ಕನ ಕೈ ಎಲ್ಲಿದೆ ಎಂದು ಕಾಣಲಿಲ್ಲ. ದೊಡ್ಡ ಮನಸ್ಸು ಮಾಡಿ ಕೊಟ್ಟೆ ಎಂದುಕೊಂಡು ಇಷ್ಟು ವರ್ಷ ಬೀಗಿದ್ದಳು. ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಸೈಕಲ್ ಅಂಗಡಿಯವನು ಪಂಪು ಹಿಡಿದುಕೊಂಡೇ ಅವಳ ಕಡೆ ನೋಡುತ್ತಿದ್ದ.

ಹೋಗಿ ಹೇಳಿಬಿಡಬಹುದಿತ್ತು. ಆದರೆ ಅಕ್ಕನಿಗೆ ಉಳಿದಿರುವುದು ಇಷ್ಟೇ ದಿನ. ಕುರ್ಚಿ ಇಲ್ಲ ಎಂದರೆ ಸಿಟ್ಟು ಉಳಿಯುತ್ತದೆ, ಅಕ್ಕ ಉಳಿಯುವುದಿಲ್ಲ. ಅಕ್ಕನಿಗೆ ಕಣ್ಣು ಕಾಣುವುದಿಲ್ಲ, ಕೈಗೆ ಸಿಕ್ಕಿದ್ದೇ ಕುರ್ಚಿ. ಈ ಯೋಚನೆ ಒಮ್ಮೆ ತಲೆಯೊಳಗೆ ಹೊಕ್ಕದ್ದೇ ತಡ, ಹೊರಗೆ ಹೋಗಲಿಲ್ಲ.

ಕಂಪನಿಗೆ ರಿಪೇರಿ ಮಾಡಿಕೊಡುವ ಮೇಸ್ತ್ರಿಯೊಬ್ಬನಿದ್ದ. ಅವನ ಶೆಡ್ಡಿನಲ್ಲಿ ಹಳೆಯ ಕುರ್ಚಿಗಳು ಒಂದರ ಮೇಲೊಂದು ಸೂರಿಗೆ ತಾಗುವ ಹಾಗೆ ಪೇರಿಸಿದ್ದವು. ಮಗುಚಮ್ಮ ಒಂದೊಂದನ್ನೇ ಇಳಿಸಿ ನೋಡಿದಳು. ಅಮ್ಮನ ಕುರ್ಚಿ ಅವಳಿಗೆ ಈಗ ಕಣ್ಣಿಗೆ ಕಟ್ಟಿದ ಹಾಗಿತ್ತು. ಬೆನ್ನಿಗೆ ಮೂರು ಪಟ್ಟಿ. ಆಸನದ ಮುಂದಿನ ಅಂಚು ತೊಡೆ ತಿಕ್ಕಿ ತಿಕ್ಕಿ ಗುಂಡಗಾದದ್ದು. ಕೊನೆಗೊಂದು ಸಿಕ್ಕಿತು. ಅದೇ ಎತ್ತರ, ಅದೇ ತರದ ಪಟ್ಟಿ, ಅದೇ ಮರ. ಹೊಲಿಯುವವರಿಗೆಂದೇ ಅಂಥ ಗಿಡ್ಡ ಕುರ್ಚಿಗಳನ್ನು ಒಂದು ಕಾಲದಲ್ಲಿ ರಾಶಿ ರಾಶಿ ಮಾಡುತ್ತಿದ್ದರು.

"ಇದರ ಎಡಗಡೆ ಹಿಂಗಾಲು ಮುರಿದು ಅಂಟಿಸಿಕೊಡಿ ಮೇಸ್ತ್ರಿ," ಎಂದಳು.

ಮೇಸ್ತ್ರಿ ಕಾಲು ಅಲ್ಲಾಡಿಸಿ ನೋಡಿದ. "ಗಟ್ಟಿಯಾಗೇ ಇದೆಯಲ್ಲ ಮೇಡಂ."

"ಅದಕ್ಕೇ ಮುರೀರಿ ಅಂದಿದ್ದು. ಓರೆಯಾಗಿ ಸೀಳಬೇಕು. ಅಂಟು ಸ್ವಲ್ಪ ಹೊರಗೆ ಉಕ್ಕಿ ಒಣಗಿರಬೇಕು. ಮೇಲೆ ದಾರ ಬಿಗಿದ ಗುರುತು ಬರಬೇಕು."

"ಒಳ್ಳೇ ಕಥೆ ಆಯ್ತು," ಎಂದು ಮೇಸ್ತ್ರಿ ನಕ್ಕ. "ಮುರಿದಿದ್ದು ಗೊತ್ತೇ ಆಗದ ಹಾಗೆ ಮಾಡಿಕೊಡಿ ಅಂತ ಊರೆಲ್ಲ ನನ್ನ ಹತ್ರ ಬರುತ್ತೆ. ನೀವೊಬ್ಬರು ಉಲ್ಟಾ. ಯಾರಿಗೆ ಟೋಪಿ ಹಾಕೋಕೆ ಮೇಡಂ?"

ಮಗುಚಮ್ಮ ಕುರ್ಚಿಯನ್ನು ಅವನ ಕಡೆಗೆ ದೂಡಿದಳು. ಅವಳ ಮುಖ ನೋಡಿ ಮೇಸ್ತ್ರಿಯ ನಗು ನಿಂತಿತು. ಸುತ್ತಿಗೆ ತೆಗೆದುಕೊಂಡ. ಕಾಲು ಮುರಿದ ಸದ್ದಿಗೆ ಅವಳು ಬೆಚ್ಚಿ ಕಣ್ಣು ಮುಚ್ಚಿಕೊಂಡಳು.

ಉಳಿದದ್ದನ್ನು ಅವಳೇ ಮಾಡಿದಳು. ಆಸನದ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ಗುಂಡಗೆ ಮಾಡಿದಳು. ಮೇಣಕ್ಕೆ ಮಸಿ ಕಲಸಿ ಹೊಸ ಗಾಯಗಳಿಗೆ ತಿಕ್ಕಿ ಕಪ್ಪಾಗಿಸಿದಳು. ನಕಲಿ ಮಾಡುವವರನ್ನು ಹಿಡಿದು ಹಿಡಿದು ಅವರ ಕೈಚಳಕವೆಲ್ಲ ಅವಳಿಗೆ ಕರತಲಾಮಲಕವಾಗಿತ್ತು. ಕೆಲಸ ಮುಗಿಸಿ ದೂರ ನಿಂತು ನೋಡಿದಾಗ, ಎಷ್ಟು ಚೆನ್ನಾಗಿ ಬಂದಿದೆ ಎಂದು ಒಂದು ಕ್ಷಣ ಖುಷಿಯೇ ಆಯಿತು. ಆ ಖುಷಿಗೆ ಅವಳಿಗೇ ನಾಚಿಕೆಯಾಯಿತು. ತನ್ನ ಮುಂದೆ ಇಂಥ ಕುರ್ಚಿ ಯಾರಾದರೂ ತಂದಿಟ್ಟಿದ್ದರೆ ತಾನೇ ಮೋಸ ಹೋಗುತ್ತಿದ್ದೆನೇನೋ ಅನ್ನಿಸಿತು.

ಅಂಟು ಒಣಗಿದ ಮೇಲೆ ವ್ಯಾನಿನಲ್ಲಿಟ್ಟುಕೊಂಡು ಹೊರಟಳು. ಮೆಟ್ಟಿಲ ಮೇಲೆ ಅಕ್ಕನ ಮಗಳು ಒಂದು ಕಡೆ ಹಿಡಿದಳು, ಇವಳೊಂದು ಕಡೆ.

ಅಕ್ಕ ಒಗೆದ ಬಟ್ಟೆ ಉಟ್ಟು, ತಲೆ ಬಾಚಿಸಿಕೊಂಡು, ಮಂಚದ ತುದಿಗೆ ಬಂದು ಕೂತಿದ್ದಳು. "ಬೆಳಿಗ್ಗೆಯಿಂದ ಹೀಗೇ ಕೂತಿದಾರೆ ಚಿಕ್ಕಮ್ಮ, ಒಂದು ಲೋಟ ಹಾಲೂ ಕುಡಿದಿಲ್ಲ," ಎಂದು ಮಗಳು ಪಿಸುಗುಟ್ಟಿದಳು. ಕುರ್ಚಿಯನ್ನು ಅಕ್ಕನ ಮೊಣಕಾಲ ಬಳಿ ಇಟ್ಟರು. ಅಕ್ಕನ ಕೈ ಮೊದಲು ಬೆನ್ನಿನ ಪಟ್ಟಿಗಳ ಮೇಲೆ ಹರಿಯಿತು, ಆಮೇಲೆ ಆಸನದ ಅಂಚಿಗೆ, ಅಲ್ಲಿಂದ ಕೆಳಗೆ ಹಿಂಗಾಲಿಗೆ. ಬೆಸುಗೆಯ ಮೇಲೆ ಬಂದು ಬೆರಳು ನಿಂತಿತು. 

"ಹ್ಞಾ," ಎಂದಳು ಅಕ್ಕ. ಮುಖ ಪೂರ್ತಿ ಬದಲಾಯಿತು. "ಇಲ್ಲೇ. ಇಲ್ಲೇ ಮುರಿದಿದ್ದು."

ಇಬ್ಬರೂ ಹಿಡಿದು ಅವಳನ್ನು ಕುರ್ಚಿಗೆ ಕೂರಿಸಿದರು. ಅಕ್ಕ ಕೂತು, ಕಾಲು ಸರಿಮಾಡಿಕೊಂಡು, ದೊಡ್ಡದಾಗಿ ಉಸಿರು ಬಿಟ್ಟಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ಬಾ, ಇಲ್ಲಿ ಕೂತ್ಕೊ," ಎಂದು ತಂಗಿಯನ್ನು ಕರೆದಳು. ತಂಗಿ ನೆಲದ ಮೇಲೆ ಮಂಡಿಯೂರಿದಳು.

"ನಿನಗಾಗ ಇನ್ನೂ ವರ್ಷ ತುಂಬಿರಲಿಲ್ಲ," ಎಂದು ಅಕ್ಕ ಶುರು ಮಾಡಿದಳು. ನಿಧಾನವಾಗಿ, ಮಧ್ಯೆ ಮಧ್ಯೆ ಉಸಿರಿಗೆ ನಿಲ್ಲುತ್ತಾ ಹೇಳಿದಳು. "ಅಮ್ಮ ಬಟ್ಟೆ ಕೊಡೋಕೆ ಹೋಗಿದ್ಲು. ನಿನಗೆ ಜ್ವರ. ಮೈ ಕೆಂಡದ ಹಾಗೆ ಸುಡ್ತಾ ಇತ್ತು, ಅಳು ಅಂದ್ರೆ ಅಳು. ನಾನಾದ್ರೂ ಎಷ್ಟು ದೊಡ್ಡವಳು ಆಗ! ನಿನ್ನ ತೊಡೆ ಮೇಲೆ ಹಾಕ್ಕೊಂಡು ಈ ಕುರ್ಚೀಲಿ ಕೂತು, ಹಿಂದಕ್ಕೆ ವಾಲಿಸಿ ವಾಲಿಸಿ ತೂಗ್ತಾ ಇದ್ದೆ. ಹಾಗೆ ತೂಗಿದ್ರೆ ಸುಮ್ಮನಾಗ್ತಿದ್ದೆ ನೀನು. ಕಣ್ಣು ಮುಚ್ಚಿದ್ದೆ, ಇನ್ನೇನು ನಿದ್ದೆ ಹೋದೆ ಅನ್ನೋಷ್ಟರಲ್ಲಿ ಲಟಕ್ ಅಂತು ಕಾಲು. ಹಿಂದೆ ಕಲ್ಲಿನ ನೆಲ. ಕೈ ಊರಿದ್ರೆ ನನಗೇನೂ ಆಗ್ತಿರಲಿಲ್ಲ ಕಣೇ. ಆದರೆ ಕೈ ಊರಬೇಕು ಅಂದ್ರೆ ನಿನ್ನ ಬಿಡಬೇಕಲ್ಲ? ಎರಡೂ ಕೈಲಿ ನಿನ್ನ ಮೇಲಕ್ಕೆ ಎತ್ತಿ ಹಿಡ್ಕೊಂಡು ಹಾಗೇ ಬಿದ್ದೆ. ಮೊಣಕೈ ನೆಲಕ್ಕೆ ಬಡೀತು."

ಅವಳು ತನ್ನ ಬಲಗೈ ಚಾಚಿ ತೋರಿಸಿದಳು. ಅದು ಮೊಣಕೈಯಲ್ಲಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಅಕ್ಕನ ಕೈ ಹುಟ್ಟಿನಿಂದಲೇ ಹಾಗೆ ಎಂದು ತಂಗಿ ತಿಳಿದುಕೊಂಡಿದ್ದಳು.

"ನಿನಗೆ ಒಂದು ತರಚು ಗಾಯಾನೂ ಆಗಲಿಲ್ಲ," ಎಂದು ಅಕ್ಕ ನಕ್ಕಳು. "ಎದ್ದು ನೋಡಿದ್ರೆ ನನ್ನ ಮುಖ ನೋಡ್ಕೊಂಡು ನಗ್ತಾ ಇದ್ದೆ, ಕಳ್ಳಿ. ಅಮ್ಮ ಬಂದು ಕುರ್ಚಿ ಕಾಲಿಗೆ ಅಂಟು ಹಾಕಿ ದಾರ ಬಿಗಿದ್ಲು. ನನ್ನ ಕೈಗೂ ಬಟ್ಟೆ ಬಿಗಿದ್ಲು. ಇದನ್ನ ಅವಳಿಗೆ ಯಾವತ್ತೂ ಹೇಳಬೇಡ, ಜೀವನ ಪೂರ್ತಿ ನಿನಗೆ ಋಣ ಇದೆ ಅಂತ ತಲೆ ತಗ್ಗಿಸಿಕೊಂಡು ಓಡಾಡ್ತಾಳೆ ಅಂದ್ಲು. ಹೇಳಲಿಲ್ಲ. ನೀನು ಆ ಕಾಲು ನೋಡಿ ಮುರಿದಿದೆ ಅಂತ ಚೀಟಿ ಬರೆದೆಯಲ್ಲ, ಆವಾಗಲೂ ಹೇಳಲಿಲ್ಲ. ಯಾಕೆ ಮುರೀತು ಅಂತ ನೀನೇ ಕೇಳ್ತೀಯೇನೋ ಅಂತ ನೋಡಿದೆ." ಕೈ ಚಾಚಿ ತಂಗಿಯ ಕೈ ಹುಡುಕಿ ಹಿಡಿದು ಕುರ್ಚಿಯ ಹಿಂಗಾಲಿನ ಮೇಲಿಟ್ಟಳು. "ಇಲ್ಲಿ ಮುಟ್ಟಿ ನೋಡು. ಇದು ನಿನ್ನದೇ ಕಣೇ ಪುಟ್ಟಿ. ಬೆಲೆ ಇಲ್ಲ ಅಂದ್ಯಲ್ಲ, ಅದಕ್ಕೆ ಸಿಟ್ಟು ಬಂತು ನನಗೆ. ಬೇರೇನಿಲ್ಲ. ಈಗ ಹೇಳಿದೆ, ಮುಗೀತು."

ತಂಗಿಯ ಬೆರಳಿನಡಿಯಲ್ಲಿ ಮೇಸ್ತ್ರಿಯ ಹೊಸ ಬೆಸುಗೆ ಇತ್ತು. ಮಂಡಿಯೂರಿ ಕೂತವಳ ಮೂಗಿಗೆ ಅಂಟಿನ ವಾಸನೆ ಇನ್ನೂ ಹಸಿಹಸಿಯಾಗಿ ಬಡಿಯುತ್ತಿತ್ತು. ಸುಮ್ಮನೆ "ಹೂಂ" ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅಕ್ಕ ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದಳು, ಇವಳ ತಲೆಯ ಮೇಲಿನ ಭಾರ ಇಳಿಯುತ್ತಿತ್ತು. ಆದರೆ ಅಕ್ಕ ಕೊಟ್ಟದ್ದು ಅಸಲಿ, ತಾನು ತಂದದ್ದು ನಕಲಿ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಕೈ ಹಿಡಿದು ಕೂರಲು ಅವಳಿಂದಾಗಲಿಲ್ಲ.

"ಇದು ಆ ಕುರ್ಚಿ ಅಲ್ಲ ಅಕ್ಕಾ," ಎಂದಳು.

"ಚಿಕ್ಕಮ್ಮಾ!" ಎಂದಳು ಮಗಳು.

"ನಾನು ಮಾಡಿಸಿದ್ದು. ಹಾಗೇ ಕಾಣೋ ಒಂದನ್ನ ಹುಡುಕಿ ಕಾಲು ಮುರಿಸಿದೆ. ಅಮ್ಮನ ಕುರ್ಚಿ ಇಲ್ಲ. ಹರಾಜಿಗೆ ಬಿಟ್ಟೆ, ಬಕೆಟ್ಟು ಸ್ಟೂಲಿನ ಜೊತೆ. ಯಾರು ತಗೊಂಡ್ರೋ ನನಗೆ ಗೊತ್ತಿಲ್ಲ. ನಿನಗೆ ಬೇಕಾಗಿತ್ತು ಅಂತ ಗೊತ್ತಿರಲಿಲ್ಲ ಅಕ್ಕಾ. ನಾನು ಕೇಳಲೇ ಇಲ್ಲ."

ಅಕ್ಕನ ಕೈ ಅವಳ ಕೈ ಮೇಲಿಂದ ಸರಿಯಿತು. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಗಾಳಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಯಾವಾಗ ಹೋಯ್ತು?" ಎಂದು ಅಕ್ಕ ಕೇಳಿದಳು.

"ಅಮ್ಮ ಹೋದ ವರ್ಷಾನೇ."

"ಅವತ್ತಿಂದ ಇಲ್ವಾ?"

"ಇಲ್ಲ."

ಅಕ್ಕನ ಮೈ ಅಲುಗತೊಡಗಿತು. ಕೆಮ್ಮು ಬಂತೆಂದು ಮಗಳು ನೀರು ತರಲು ಹೊರಟಳು. ಕೆಮ್ಮಲ್ಲ, ನಗು. "ಇಷ್ಟು ವರ್ಷ," ಎಂದಳು ಅಕ್ಕ, "ಇಷ್ಟು ವರ್ಷ ಇಲ್ಲದೇ ಇರೋ ಕುರ್ಚಿಗೆ ಮುಖ ಊದಿಸಿಕೊಂಡು ಕೂತಿದ್ನಲ್ಲೇ ನಾನು! ನಿನ್ನ ಮನೇಲಿದೆ, ಅದರ ಮೇಲೆ ಕೂತು ನೀನು ಟೀ ಕುಡೀತಿರ್ತೀಯ, ಯಾವತ್ತಾದ್ರೂ ಒಂದು ದಿನ ಈ ಕಾಲು ಯಾಕೆ ಮುರೀತು ಅಂತ ಕೇಳೋಕಾದ್ರೂ ಬರ್ತೀಯ ಅಂತ..." ನಗು ಎಲ್ಲಿ ಮುಗಿಯಿತೋ ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. "ಮದುವೆಗೆ ಕರೀಲಿಲ್ಲ ನಿನ್ನ. ನನ್ನ ಮಗಳ ಮದುವೆಗೆ. ಯಾವುದಕ್ಕೆ? ಯಾರದೋ ಒಲೆಗೆ ಹೋದ ಕಟ್ಟಿಗೆಗೆ!"

ತಂಗಿ ಅವಳ ಮೊಣಕಾಲಿಗೆ ಹಣೆಯೊತ್ತಿ ಅತ್ತಳು. ಕ್ಷಮಿಸು ಎನ್ನಲಿಲ್ಲ. ಅಕ್ಕನೂ ಕ್ಷಮಿಸಿದೆ ಎನ್ನಲಿಲ್ಲ. ಮೂಗೊರೆಸಿಕೊಂಡು, ಸುಸ್ತಾದ ದನಿಯಲ್ಲಿ ಹೇಳಿದಳು:

"ಎಬ್ಬಿಸು ನನ್ನ. ಇದರಲ್ಲಿ ಕೂರಲ್ಲ ನಾನು."

ಮಗಳು ಮುಂದೆ ಬಂದಳು. "ನೀನಲ್ಲ," ಎಂದಳು ಅಕ್ಕ. "ಅವಳು ಎತ್ತಲಿ."

ತಂಗಿ ಎದ್ದು ಒಂದು ಕೈ ಅಕ್ಕನ ಬೆನ್ನಿಗೆ, ಇನ್ನೊಂದು ಕೈ ಮೊಣಕಾಲಡಿಗೆ ಕೊಟ್ಟು ಎತ್ತಿಕೊಂಡಳು. ಕಾಯಿಲೆ ತಿಂದು ಬಿಟ್ಟ ಮೈ, ಆದರೂ ಎತ್ತಲು ಬಲ ಬೇಕಾಯಿತು. ಅಕ್ಕ ನೆಟ್ಟಗಾಗದ ಆ ಬಲಗೈಯನ್ನು ಅವಳ ಕುತ್ತಿಗೆಗೆ ಸುತ್ತಿ ಬಿಗಿಯಾಗಿ ಹಿಡಿದುಕೊಂಡಳು.

"ಬೀಳಿಸಬೇಡ ಕಣೇ," ಎಂದಳು.

"ಇಲ್ಲ ಅಕ್ಕಾ."

ಮಂಚ ಪಕ್ಕದಲ್ಲೇ ಇತ್ತು. ತಂಗಿ ನಿಧಾನವಾಗಿ, ನೆಲ ನೋಡಿ ನೋಡಿ ಹೆಜ್ಜೆಯಿಟ್ಟಳು.